ಒಳಗಿನವರಿಗೆ ಕೇಳಿಸದ ಹಾಗೆ

ನಮ್ಮೂರಿನಲ್ಲಿ ಕಾಳು ಕಟ್ಟುವ ತಿಂಗಳು ಯಾರೂ ಅಳುವಂತಿಲ್ಲ. ಜಗಳ ಆಡುವಂತಿಲ್ಲ, ಶಾಪ ಹಾಕುವಂತಿಲ್ಲ, ಸತ್ತವರ ಸುದ್ದಿ ಎತ್ತುವಂತಿಲ್ಲ. ಅತ್ತೆ ಸೊಸೆಯನ್ನು 'ನನ್ನವ್ವ' ಎಂದು ಕರೆಯುವುದೂ, ಅಂಗಡಿಯವನು ತಕ್ಕಡಿಯನ್ನು ಗಿರಾಕಿಯ ಕಡೆಗೆ ಬಾಗಿಸುವುದೂ ಆ ತಿಂಗಳಿನಲ್ಲೇ. ಹೊರಗಿನವರು ಬಂದು ನೋಡಿದರೆ ಇದೇನು ರಾಮರಾಜ್ಯವೋ ಅಂದುಕೊಳ್ಳಬೇಕು. ನಾನು ಬಸ್ಸಿನ ಕಂಡಕ್ಟರಾಗಿದ್ದವನು, ಹಾಗೆ ಅಂದುಕೊಂಡು ಇಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ಅವರು ಒಕ್ಕಣೆ ಮುಗಿದ ಮೇಲೆ ಒಂದು ಸಲ ಬರಬೇಕಿತ್ತು. ಕಾಳು ಮಡಕೆ ಸೇರಿದ ಮರುದಿನ ಅದೇ ಅತ್ತೆ ಅದೇ ಸೊಸೆಯ ಜುಟ್ಟು ಹಿಡಿದು ಬೀದಿಗೆ ಎಳೆದಿರುತ್ತಾಳೆ.

ಕಾರಣ ಇಷ್ಟೆ, ನಮ್ಮ ಕಾಳಿಗೆ ಕೇಳಿಸುತ್ತದೆ. ಬೇರೆ ಕಡೆ ಅದಕ್ಕೇನು ಹೆಸರಿದೆಯೋ ಗೊತ್ತಿಲ್ಲ, ನಾವು ಬರೀ ಕಾಳು ಅನ್ನುತ್ತೇವೆ. ನಂಜರಾಜ ಮೇಷ್ಟ್ರು ಅಂತ ಒಬ್ಬರು ಶಾಲೆಗೆ ವರ್ಗವಾಗಿ ಬಂದಿದ್ದರು. ಅವರು ಹಸಿ ಕಾಯಿ ಸೀಳಿ ತೋರಿಸುತ್ತಾ ನಮಗೆಲ್ಲ ಪಾಠ ಮಾಡಿದ್ದರು. "ನೋಡ್ರಪ್ಪ, ಗಿಡ ಬೀಜಕ್ಕೆ ಕಳಿಸೋದು ಒಂದೆರಡು ತರದ ಸಾಮಾನು ಅಷ್ಟೆ. ತಾಯಿಗೂ ಬೀಜದೊಳಗಿನ ಮರಿಗೂ ನೇರ ದಾರಿ ಇಲ್ಲ. ತಾಯಿ ತಂದು ಸಿಪ್ಪೆ ಹತ್ರ ಇಟ್ಟು ಹೋಗ್ತಾಳೆ. ಒಳಗೆ ಕಿಣ್ವಗಳು ಅಂತ ಇದಾವೆ. ಅವು ಅದನ್ನ ಮುರಿದು, ಒಂದರದ್ದು ಕಿತ್ತು ಇನ್ನೊಂದಕ್ಕೆ ಜೋಡಿಸಿ, ಇಪ್ಪತ್ತು ತರದ ಅಮೈನೋ ಆಮ್ಲ ಮಾಡ್ಕೊಳ್ತವೆ. ನಿಮ್ಮ ರಟ್ಟೆ, ನಿಮ್ಮ ಕೂದಲು, ನಿಮ್ಮ ಉಗುರು, ಎಲ್ಲಾ ಆ ಇಪ್ಪತ್ತರಿಂದ ಆಗಿರೋದು." ಕಿಣ್ವ ಎಂಬ ಮಾತು ನಮ್ಮವರ ನಾಲಿಗೆಗೆ ಹತ್ತಲಿಲ್ಲ. ಮೇಷ್ಟ್ರು ಹುಟ್ಟುವುದಕ್ಕೂ ಮೊದಲಿನಿಂದ ಊರು ಆ ಕಿಣ್ವಗಳನ್ನು ಒಳಗಿನವರು ಎಂದೇ ಕರೆಯುತ್ತಿತ್ತು. ಒಳಗಿನವರು ಕೆಲಸಕ್ಕೆ ಕೂತವರೆ, ಮೆಲ್ಲಗೆ ಮಾತಾಡು. ಒಳಗಿನವರು ದಣಿದವರೆ, ಬಾಗಿಲು ಬಡಿಯಬ್ಯಾಡ. ಹೊರಗೆ ಅಳು ಕೇಳಿಸಿದರೆ ಅವರ ಕೈ ತಪ್ಪುತ್ತದೆ. ಕೈ ತಪ್ಪಿದರೆ ಅದೇ ಸಾಮಾನಿನಿಂದ ಇಪ್ಪತ್ತೊಂದನೆಯದು ಒಂದನ್ನು ಮಾಡಿಬಿಡುತ್ತಾರೆ. ಅದು ಮೈಗೆ ಸೇರಿದವರಿಗೆ ಮೊದಲು ಮೀನಖಂಡ ಬಿಗಿಯುತ್ತದೆ, ಆಮೇಲೆ ಮಂಡಿ, ಆಮೇಲೆ ಕಾಲು ಇದ್ದಲ್ಲೇ ನಿಲ್ಲುತ್ತದೆ. ಮತ್ತೆ ಏಳುವುದಿಲ್ಲ.

ಹಾಗಾದರೆ ಅಕ್ಕಿ ರಾಗಿ ತಿಂದು ಬದುಕಿ ಎಂದು ಹೊರಗಿನವರು ಬುದ್ಧಿ ಹೇಳುತ್ತಾರೆ. ತಿನ್ನುತ್ತೇವೆ, ಹೊಟ್ಟೆ ತುಂಬುತ್ತದೆ. ಮೈಗೆ ಹತ್ತುವುದು ಮಾತ್ರ ಆಯಾ ಮನೆಯ ಹಿತ್ತಲಿನ ಹೊಲದ ಪಟ್ಟಿಯಲ್ಲಿ ಬೆಳೆದ ಆಯಾ ಮನೆಯ ಕಾಳೇ. ಪಕ್ಕದ ಮನೆಯ ಕಾಳನ್ನು ಕೊಳಗಗಟ್ಟಲೆ ತಿಂದರೂ ನಾವು ಸೊರಗುತ್ತೇವೆ. ಊರು ಬಿಟ್ಟು ಹೋದವರೂ ಸೊರಗಿಯೇ ಹೋದರು. ಹೀಗಾಗಿ ಒಕ್ಕಣೆ ಆದ ಮೇಲೆ ಮನೆಯಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಮಡಕೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತೇವೆ. ಯಾರ ಮಡಕೆ ಅವರಿಗೆ.

ಅಳದೆ ಇರಲಾಗದವರಿಗೆ ಊರು ಒಂದು ದಾರಿ ಮಾಡಿಕೊಟ್ಟಿತ್ತು, ಅದು ನನ್ನ ಬಸ್ಸು. ದಿಣ್ಣೆಯಾಚೆ ಪಕ್ಕದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಟೀ ಅಂಗಡಿಯ ಹಿಂದೆ ಎರಡು ಬೆಂಚು ಹಾಕಿಸಿದ್ದರು. ನಮ್ಮೂರಿನವರು ಅಲ್ಲಿ ಇಳಿದು, ಕೂತು, ಎದೆ ಬಡಿದುಕೊಂಡು ಅತ್ತು, ನಲ್ಲಿಯಲ್ಲಿ ಮುಖ ತೊಳೆದುಕೊಂಡು ಅದೇ ಬಸ್ಸಿಗೆ ಹತ್ತಬೇಕು. ಡ್ರೈವರ್ ಬಾಷಾ ಸಾಬ್ರು ಇಂಜಿನ್ ಆರಿಸಿ ಬೀಡಿ ಹಚ್ಚಿಕೊಂಡು ಕಾಯುವರು. ನಾನು ಸೀಟಿ ಊದುವೆ. ಕೆಲವರು ಸೀಟಿ ಊದಿದ ಮೇಲೂ ಏಳುತ್ತಿರಲಿಲ್ಲ. "ಸಾಕೇಳವ್ವ, ಮಿಕ್ಕಿದ್ದನ್ನ ನಾಳೆ ಅಳುವಂತೆ" ಅನ್ನುತ್ತಿದ್ದೆ ನಾನು. ಹಾಗೆ ಅನ್ನುವಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಪರರ ಸಂಕಟಕ್ಕೆ ಟಿಕೆಟ್ ಹರಿದುಕೊಡುವವನಿಗೆ ಅಷ್ಟು ದಪ್ಪ ಚರ್ಮ ಬೇಕಾಗುತ್ತದೆ.

ನನ್ನ ಹೆಂಡತಿ ಶಿವನಾಗಿ ಸತ್ತದ್ದು ಕಾಳು ಕಟ್ಟುವ ತಿಂಗಳಿನ ನಡುವಿನಲ್ಲಿ. ಬೆಳಿಗ್ಗೆ ಒಲೆ ಹಚ್ಚಲು ಬಗ್ಗಿದವಳು ಹಾಗೇ ಕೂತುಬಿಟ್ಟಳು. ನನ್ನ ಬಸ್ಸಿನಲ್ಲೇ ದಿಣ್ಣೆಯಾಚೆಯ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಅವಳ ತೋಳನ್ನು ಎತ್ತಿ ನೋಡಿ, "ಏನ್ರೀ, ಮೈಯಲ್ಲಿ ಏನೂ ಇಲ್ವಲ್ರೀ ಈಯಮ್ಮಂಗೆ" ಅಂದರು. ಸ್ವಲ್ಪ ಹೊತ್ತಿಗೆ ಹೃದಯ ನಿಂತಿತು. ಅಲ್ಲಿ, ಆ ಊರಿನಲ್ಲಿ ನಾನು ಅಳಬಹುದಿತ್ತು. ಬೆಂಚೂ ಇತ್ತು. ಆದರೆ ಮನೆಯಲ್ಲಿ ಮಗಳು ಚೆನ್ನಾಜಿ ಒಬ್ಬಳೇ ಇದ್ದಳು, ಬಸ್ಸಿನ ತುಂಬಾ ಜನ ಕೂತಿದ್ದರು, ಹೆಣವನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿದ್ದೆ. ಬಾಷಾ ಸಾಬ್ರು "ಕೂತ್ಕೊಂಡು ಅತ್ಬಿಡೋ ಗುರುಮಲ್ಲ, ನಾನು ಕಾಯ್ತೀನಿ" ಅಂದರು. ನನಗೆ ಬರಲಿಲ್ಲ. ಅಳುವ ಗಂಡಸನ್ನು ನಂಬಬೇಡ ಎಂದು ಗಾದೆ ಕಟ್ಟಿದವರನ್ನು ಕರೆದು ಕೇಳಬೇಕು, ಅಳು ಬಾರದ ಗಂಡಸನ್ನು ಏನು ಮಾಡಬೇಕು ಅಂತ. ನಾನು ಸೀಟಿ ಊದಿದೆ, ಬಸ್ಸು ಹೊರಟಿತು.

ಮಣ್ಣು ಮಾಡುವ ಕೆಲಸ ಮಂಚ ಸಾಗಿಸಿದಷ್ಟು ಸದ್ದಿಲ್ಲದೆ ಮುಗಿಯಿತು. ಆ ತಿಂಗಳ ಸಾವಿಗೆ ಯಾರೂ ಬಾಯಿ ಬಿಡುವಂತಿಲ್ಲ. ಪಕ್ಕದ ಮನೆಯ ಮರಿಬಸಪ್ಪ ಗುಂಡಿ ತೋಡಿ ಬಂದು, ಕೈ ತೊಳೆದು, "ಮಳೆ ಬರೋ ಹಂಗದೆ" ಎಂದು ಹೇಳಿ ಹೋದ. ನಾನು ಚೆನ್ನಾಜಿಯನ್ನು ಪಕ್ಕ ಕೂರಿಸಿಕೊಂಡು ಹೇಳಿದೆ, "ನೋಡವ್ವ, ಈಗ ಅಳಬ್ಯಾಡ. ಒಕ್ಕಣೆ ಆಗಲಿ, ಅಳುವ ದಿನ ಬರ್ತದೆ, ಊರೆಲ್ಲ ಸೇರಿ ನಿಮ್ಮವ್ವಂಗೆ ಅಳ್ತೀವಿ." ಅವಳಿಗೆ ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. "ಆಯ್ತಪ್ಪ" ಅಂದಳು. ಅವಳು ಅಳಲಿಲ್ಲ. ಬೆಳಿಗ್ಗೆ ತಾನೇ ತಲೆ ಬಾಚಿಕೊಂಡು, ಬೈತಲೆ ಸೊಟ್ಟ ತೆಗೆದುಕೊಂಡು, ಶಾಲೆಗೆ ಹೋಗುತ್ತಿದ್ದಳು. ಸಂಜೆ ಹಿತ್ತಲ ಬಾಗಿಲಿನಿಂದ ನಮ್ಮ ಪಟ್ಟಿಗೆ ಇಳಿದು ಗಿಡಗಳ ನಡುವೆ ಸುತ್ತಾಡಿ ಬರುತ್ತಿದ್ದಳು. ಮುಖದಲ್ಲಿ ನಗು. ಊರಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಎಂಥಾ ಮಗು ಎಂದು ಹೊಗಳಿದರು. ಅಪ್ಪನಾದ ನನಗೂ ಹೆಮ್ಮೆಯಾಯಿತು. ಎಂಥ ಮೂರ್ಖ ಹೆಮ್ಮೆ.

ಒಕ್ಕಣೆಯಾಯಿತು. ಹೊಸ ಕಾಳನ್ನು ಮಡಕೆಗೆ ತುಂಬುವ ಮೊದಲು ದ್ಯಾವೀರಜ್ಜಿಯ ಬಾಯಿಗೆ ಹಾಕಿ ನೋಡಬೇಕು. ಆ ಅಜ್ಜಿಗೆ ಚಿಕ್ಕವಳಿದ್ದಾಗಲೇ ಕಾಲು ನಿಂತಿತ್ತು. ಮರದ ಕುರ್ಚಿಯಲ್ಲಿ ಕೂರಿಸಿ ಕಣದಿಂದ ಕಣಕ್ಕೆ ಹೊತ್ತು ತರುವರು. ಒಂದು ಕಾಳನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ನಾಲಿಗೆಯ ತುದಿಗೆ ತಂದು, ಉಗಿದು ಹೇಳುವಳು. ನಮ್ಮ ರಾಶಿಯಿಂದ ಒಂದು ಕಚ್ಚಿದಳು, ಉಗಿದಳು. ಇನ್ನೊಂದು ಕಚ್ಚಿದಳು. ಆಮೇಲೆ ನನ್ನ ಮುಖ ನೋಡಲಿಲ್ಲ.

"ಇಪ್ಪತ್ತೊಂದು" ಅಂದಳು. "ಪೂರಾ ರಾಶಿ ಅದೇಯ. ಯಾರೋ ಗುರುಮಲ್ಲ ಅತ್ತೋರು?"

"ಯಾರೂ ಅತ್ತಿಲ್ಲ ಅಜ್ಜಿ. ಮನೆದೇವ್ರಾಣೆ."

"ಮತ್ತೆ ನಾಲಿಗೆ ಸುಳ್ಳು ಹೇಳ್ತದಾ?"

ಚೆನ್ನಾಜಿ ನನ್ನ ಪಂಚೆಯನ್ನು ಬಿಟ್ಟು ಮುಂದಕ್ಕೆ ಹೋದಳು. "ನಾವು ಅಳಲೇ ಇಲ್ಲ ಅಜ್ಜಿ" ಅಂದಳು, ಪಾಠ ಒಪ್ಪಿಸುವವಳಂತೆ. "ನಾನು ದಿನಾ ಹೋಗಿ ಒಳಗಿನವರಿಗೆ ಹೇಳ್ತಿದ್ದೆ. ಅವ್ವ ಅಜ್ಜಿ ಊರಿಗೆ ಹೋಗವಳೆ, ಬರುವಾಗ ನಂಗೆ ಬಳೆ ತತ್ತಾಳೆ, ನೀವು ಸುಮ್ನೆ ಕೆಲಸ ಮಾಡಿ ಅಂತ. ನಗ್ತಾ ನಗ್ತಾ ಹೇಳ್ತಿದ್ದೆ."

ಜರಡಿ ಹಿಡಿದಿದ್ದ ಮರಿಬಸಪ್ಪ ಅದನ್ನು ಕೆಳಗಿಟ್ಟ. ದ್ಯಾವೀರಜ್ಜಿ ಹುಡುಗಿಯ ತಲೆಯನ್ನು ಎಳೆದುಕೊಂಡು ನೆತ್ತಿಯನ್ನು ಸವರಿದಳು. ಆಮೇಲೆ ಕುರ್ಚಿ ಎತ್ತಿ ಎಂದು ಸನ್ನೆ ಮಾಡಿದಳು. ಊರು ಇಷ್ಟು ಕಾಲ ಬಾಯಿಗೆ ಬೀಗ ಹಾಕಿದರೆ ಸಾಕು ಅಂದುಕೊಂಡಿತ್ತು. ನಮ್ಮ ಪಟ್ಟಿಯ ಕಾಳು ಆ ಬೀಗವನ್ನು ಗಣನೆಗೇ ತೆಗೆದುಕೊಂಡಿರಲಿಲ್ಲ. ಮನೆಯೊಳಗಿನ ಸಂಕಟ ಸದ್ದು ಮಾಡಿದರೇನು, ಮಾಡದಿದ್ದರೇನು, ಒಳಗಿನವರಿಗೆ ತಲುಪಿತ್ತು. ಇದನ್ನು ಅಲ್ಲಿದ್ದವರೆಲ್ಲ ನೋಡಿದರು. ಆದರೆ ಒಪ್ಪಿಕೊಳ್ಳಲು ಯಾರಿಗೂ ಧೈರ್ಯ ಬರಲಿಲ್ಲ. ಒಪ್ಪಿಕೊಂಡರೆ ಎಲ್ಲರೂ ತಂತಮ್ಮ ಮಡಕೆಯ ಕಡೆಗೆ ತಿರುಗಿ ನೋಡಬೇಕಾಗುತ್ತಿತ್ತು. ಹುಡುಗಿ ಎಲ್ಲೋ ಬಿಕ್ಕಿರಬೇಕು ಎಂದು ತೀರ್ಮಾನ ಮಾಡಿಕೊಂಡು ಮನೆಗೆ ಹೋದರು.

ಅಂದಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಚೆನ್ನಾಜಿಯ ಕಾಲು. ಬೆಳೆಯುವ ಮಗು, ಕಾಳಿಲ್ಲದೆ ಇಡುವಂತಿಲ್ಲ. ಈ ಕಾಳು ಹಾಕಿದರೆ ಮುಂದಿನ ಒಕ್ಕಣೆಯ ಹೊತ್ತಿಗೆ ಅವಳನ್ನೂ ಕುರ್ಚಿಯಲ್ಲಿ ಹೊರಬೇಕು. ಏಳು ನೀರಿನಲ್ಲಿ ನೆನೆಸಿ ಚೆಲ್ಲಿದರೆ ಇಪ್ಪತ್ತೊಂದನೆಯದು ಸ್ವಲ್ಪ ಇಳಿಯುತ್ತದೆ, ಮಿಕ್ಕಿದ ಇಪ್ಪತ್ತೂ ಅದರ ಜೊತೆಗೆ ಇಳಿದುಹೋಗುತ್ತವೆ. ನನ್ನ ಹಳೆಯ ಮಡಕೆ ತಳ ಕಾಣುತ್ತಿತ್ತು, ಅವಳದ್ದೂ ಅಷ್ಟೆ.

ಆಗ ಊರಿನ ಹಿರಿಯ ಉದ್ದಾನಪ್ಪನವರು ಬಂದರು. ಅಳುವ ದಿನ ಹತ್ತಿರ ಬಂದಿತ್ತು. ಕಾಳು ಕಟ್ಟುವ ತಿಂಗಳಲ್ಲಿ ಸತ್ತವರಿಗೆಲ್ಲ ಅಂದು ಒಟ್ಟಿಗೆ ಅಳುತ್ತೇವೆ. ಸತ್ತವರ ಮಡಕೆಯಲ್ಲಿ ಉಳಿದ ಹಳೆಯ ಕಾಳನ್ನು ಬೇಯಿಸಿ ಮನೆಗೊಂದು ತುತ್ತು ಬಡಿಸಬೇಕು, ತುತ್ತು ನುಂಗಿದವರು ಸತ್ತವರ ಹೆಸರು ಹಿಡಿದು ಅಳಬೇಕು. ಮಡಕೆ ಕೊಡದ ಮನೆಯ ಸಾವಿಗೆ ಯಾರೂ ಅಳುವುದಿಲ್ಲ. ಅದು ಅಳದ ಸಾವಾಗಿ ಉಳಿಯುತ್ತದೆ.

"ಶಿವನಾಗಮ್ಮನ ಮಡಕೆ ತೆಗೆದಿಡು ಗುರುಮಲ್ಲ" ಅಂದರು ಉದ್ದಾನಪ್ಪನವರು. "ವರ್ಷದ ಕೊನೆ, ಹಿಡಿ ಎರಡು ಹಿಡಿ ಇದ್ರೂ ನಡೀತದೆ."

ಅವರು ಹೋದ ಮೇಲೆ ಅಟ್ಟದಿಂದ ಅವಳ ಮಡಕೆ ಇಳಿಸಿದೆ. ಹಗುರ ಇರುತ್ತದೆ ಎಂದು ಒಂದೇ ಕೈ ಹಾಕಿದವನು ಮುಗ್ಗರಿಸಿದೆ. ಮಡಕೆ ಕಂಠದವರೆಗೂ ತುಂಬಿತ್ತು. ಮೇಲೆ ಮಾತ್ರ ಒಂದಿಷ್ಟು ತೆಗೆದ ಗುರುತು. ಅಷ್ಟು ಬಿಟ್ಟರೆ ವರ್ಷವಿಡೀ ಅವಳು ತನ್ನ ಕಾಳು ಮುಟ್ಟಿರಲಿಲ್ಲ. ರಾಗಿ ಮುದ್ದೆಯಲ್ಲಿ ಹೊಟ್ಟೆ ತುಂಬಿಸಿಕೊಂಡು, ನನಗೂ ಮಗಳಿಗೂ ಬಡಿಸಿ, "ನಂದು ಆಗ್ಲೇ ಆಯ್ತು" ಅನ್ನುತ್ತಿದ್ದಳು. ಎಂದಾದರೂ ಒಂದು ವರ್ಷ ಕೈ ಕೊಟ್ಟರೆ ಇರಲಿ ಎಂದು ಮಗಳಿಗೆ ಕೂಡಿಟ್ಟಿದ್ದಳು. ಡಾಕ್ಟರು ಹೇಳಿದ ಮಾತು ಆಗ ನನಗೆ ಅರ್ಥವಾಯಿತು. ಮಡಕೆಯನ್ನು ತಬ್ಬಿಕೊಂಡು ಕೂತೆ. ಈಗ ಅಳಬಹುದಿತ್ತು, ಹೊಲ ಖಾಲಿಯಾಗಿತ್ತು. ಆಗಲೂ ಬರಲಿಲ್ಲ. ಸಿಟ್ಟು ಬಂತು. ಅವಳ ಮೇಲೆ, ನನ್ನ ಮೇಲೆ, ಆ ಕೆಟ್ಟ ಗಾದೆಯ ಮೇಲೆ.

ಮರುದಿನ ಉದ್ದಾನಪ್ಪನವರ ಮನೆಗೆ ಹೋಗಿ ಮಡಕೆ ಕೊಡುವುದಿಲ್ಲ ಅಂದೆ.

"ಯಾಕ್ಲಾ? ಖಾಲಿಯಾ?"

"ತುಂಬಿದೆ. ಅದಕ್ಕೇ ಕೊಡಲ್ಲ. ನನ್ನ ಮಗಳಿಗೆ ಬೇಕು."

"ನಿನ್ನ ಹೆಂಡ್ರು ಅಳದ ಸಾವಾಗ್ತಾಳೆ ಕಣಪ್ಪ. ಯೋಚನೆ ಮಾಡು. ಊರಲ್ಲಿ ಒಬ್ರೂ ಅವಳ ಹೆಸರು ಎತ್ತಲ್ಲ. ಆ ಮಗೀಗೂ ಎತ್ತಕೆ ಬಿಡಲ್ಲ."

"ಅವಳಿಗೆ ಊರು ಅಳೋದು ಬೇಕಿದ್ರೆ ತಿಂದು ಖಾಲಿ ಮಾಡಿರೋಳು" ಅಂದೆ. ಮಾತು ಒರಟಾಯಿತು. ಅವರ ಕಣ್ಣು ಕೆಂಪಾದವು, ಎದ್ದು ಒಳಗೆ ಹೋದರು.

ಅಳುವ ದಿನ ಊರಿನ ಬಯಲಿನಲ್ಲಿ ಚಾಪೆ ಹಾಸಿದರು. ಆ ತಿಂಗಳು ಸತ್ತ ಒಬ್ಬ ಮುದುಕನಿಗೂ ಒಂದು ಪುಟ್ಟ ಮಗುವಿಗೂ ಊರು ಮಧ್ಯಾಹ್ನದವರೆಗೆ ಅತ್ತಿತು. ಆ ಸದ್ದು ನಮ್ಮ ಮನೆಯ ಹಂಚಿಗೆ ಬಡಿಯುತ್ತಿತ್ತು. ನಾನು ಬಾಗಿಲು ಹಾಕಿ, ಶಿವನಾಗಿಯ ಕಾಳನ್ನು ಬೇಯಿಸಿ, ಒಗ್ಗರಣೆ ಹಾಕಿ ಚೆನ್ನಾಜಿಗೆ ಬಡಿಸಿದೆ. "ನಮ್ಮವ್ವಂಗೆ ಯಾವಾಗ ಅಳೋದು?" ಎಂದು ಕೇಳಿದಳು. "ಉಣ್ಣು" ಅಂದೆ. ಉಂಡಳು. ಇನ್ನೊಂದು ಸೌಟು ಹಾಕು ಅಂದಳು. ಅವಳು ಮತ್ತೆ ಆ ಪ್ರಶ್ನೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಹೊಸ ಕಾಳು ತಿನ್ನಲು ಶುರುಮಾಡಿದೆ. ರುಚಿಯೇನೂ ಕೆಟ್ಟದಿರಲಿಲ್ಲ. ಮಳೆಗಾಲ ಬರುವ ಹೊತ್ತಿಗೆ ಬಸ್ಸಿನ ಮೆಟ್ಟಿಲು ಎತ್ತರವಾದ ಹಾಗೆ ಅನ್ನಿಸಿತು. ಆಮೇಲೆ ಸೀಟಿ ಊದಿ ಹತ್ತುವಷ್ಟರಲ್ಲಿ ಬಾಷಾ ಸಾಬ್ರು ಬ್ರೇಕ್ ಒತ್ತಿ ಕಾಯಬೇಕಾಯಿತು. ಅವರು ಕನ್ನಡಿಯಲ್ಲಿ ನೋಡುತ್ತಿದ್ದರು. ಒಂದು ದಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಇನ್ನೊಂದನ್ನು ಎತ್ತಲಾಗದೆ ನಿಂತೆ. ಜನ ನನ್ನನ್ನು ಕಂಕುಳಲ್ಲಿ ಕೈ ಹಾಕಿ ಇಳಿಸಿದರು. ಬಾಷಾ ಸಾಬ್ರು ಮನೆಯವರೆಗೂ ಬಸ್ಸನ್ನೇ ತಂದು, ನನ್ನನ್ನು ಹಿತ್ತಲ ಜಗಲಿಯ ಮಂಚದ ಮೇಲೆ ಕೂರಿಸಿ, ಟಿಕೆಟ್ ಚೀಲ ಬಿಚ್ಚಿಕೊಂಡು ಹೋದರು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಸಂಜೆ ಚೆನ್ನಾಜಿ ಹಿತ್ತಲಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು, ಒಂಟಿ ಕಾಲಿನಲ್ಲಿ ಎಲ್ಲ ಮನೆಯನ್ನೂ ದಾಟಿದಳು. ಗೆದ್ದೆ ಅಂದುಕೊಂಡೆ.

ಲೆಕ್ಕ ತಪ್ಪಿದ್ದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಮರಿಬಸಪ್ಪ ನಮ್ಮ ಪಟ್ಟಿಯನ್ನೂ ಉತ್ತು ಬಿತ್ತಿಕೊಟ್ಟಿದ್ದ. ಗಿಡ ಹೂಬಿಟ್ಟು, ಕಾಯಿ ಹಿಡಿದು, ಕಾಳು ಕಟ್ಟುವ ತಿಂಗಳು ಮತ್ತೆ ಬಂತು. ಶಿವನಾಗಿಯ ಮಡಕೆ ಮುಗಿಯುತ್ತಾ ಬಂದಿತ್ತು. ಇನ್ನು ಮಗಳು ತಿನ್ನಬೇಕಾದದ್ದು ಈ ಕಾಯಿಗಳಲ್ಲಿ ಕಟ್ಟುತ್ತಿರುವುದನ್ನೇ. ಮನೆಯಲ್ಲಿ ನೋಡಿದರೆ ಅಮ್ಮನಿಗೆ ಅಳದ ಮಗು, ಎದ್ದು ನಿಲ್ಲಲಾರದ ಅಪ್ಪ. ಬಾಷಾ ಸಾಬ್ರು ಅವಳನ್ನು ಎರಡು ಸಲ ದಿಣ್ಣೆಯಾಚೆಗೆ ಕರೆದೊಯ್ದು ಆ ಬೆಂಚಿನ ಮೇಲೆ ಕೂರಿಸಿದರು. "ಬಿಸ್ಕತ್ತು ತಿಂದ್ಕೊಂಡು ಬಂದ್ಲು ಗುರು, ಒಂದ್ ಹನೀನೂ ಇಲ್ಲ" ಅಂದರು. ಊರು ಕಲಿಸಿದ್ದನ್ನು ಅವಳು ಅಷ್ಟು ಚೆನ್ನಾಗಿ ಕಲಿತಿದ್ದಳು.

ಒಂದು ಸಂಜೆ ಜಗಲಿಯ ಮೇಲೆ ಕೂತಿದ್ದೆ. ಚೆನ್ನಾಜಿ ಶಾಲೆಯಿಂದ ಬಂದವಳು ನನ್ನ ಲೋಟಕ್ಕೆ ನೀರು ಹಾಕಿಟ್ಟು, ಪಟ್ಟಿಗೆ ಇಳಿದಳು. ನಾನು ನಿದ್ದೆಯಲ್ಲಿದ್ದೇನೆ ಅಂದುಕೊಂಡಿರಬೇಕು. ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಒಂದು ಕಾಯಿಯನ್ನು ಎರಡು ಬೆರಳಲ್ಲಿ ಹಿಡಿದು, ಅದರ ಹತ್ತಿರ ಬಾಯಿ ತಂದು ಮಾತಾಡತೊಡಗಿದಳು. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು.

"ಒಳಗಿನವರೇ, ಕೆಲಸ ಆಯ್ತಾ? ನಮ್ಮಪ್ಪ ಬಸ್ಸಿಗೆ ಹೋಗವರೆ. ಅವರ ಕಾಲು ಚೆಂದಾಗವೆ. ಅವ್ವ ಇನ್ನೂ ಅಜ್ಜಿ ಊರಲ್ಲೇ ಅವಳೆ, ಅಲ್ಲಿ ಬಳೆ ಸಿಕ್ಕಿಲ್ವಂತೆ, ಅದಕ್ಕೇ ತಡ. ನೀವು ಯೋಚನೆ ಮಾಡಬ್ಯಾಡಿ." ಆಮೇಲೆ ಅವಳು ನಕ್ಕಳು, ತೋರಿಸಲೆಂದು, ಹಲ್ಲು ಕಾಣುವ ಹಾಗೆ.

ಹೋದ ವರ್ಷವೂ ಹೀಗೇ ನಗುತ್ತಾ ಹೇಳಿದ್ದಳು, ಆದರೂ ಪೂರಾ ರಾಶಿ ಕೆಟ್ಟಿತ್ತು. ಎದ್ದು ಹೋಗಿ ಅವಳನ್ನು ಎತ್ತಿಕೊಳ್ಳಬೇಕೆಂದು ಮಂಚದ ಅಂಚು ಹಿಡಿದೆ, ಕಾಲು ಕೇಳಲಿಲ್ಲ, ನೆಲಕ್ಕೆ ಬಿದ್ದೆ. ಬಿದ್ದಲ್ಲಿಂದಲೇ ಕೂಗಿದೆ. ಕಾಳು ಕಟ್ಟುವ ತಿಂಗಳಿನಲ್ಲಿ ನಮ್ಮೂರಿನಲ್ಲಿ ಅಷ್ಟು ದೊಡ್ಡದಾಗಿ ಯಾರೂ ಕೂಗಿರಲಿಕ್ಕಿಲ್ಲ.

"ಚೆನ್ನಾಜೀ! ಅವರಿಗೆ ಸುಳ್ಳು ಹೇಳಬ್ಯಾಡ! ನಿಮ್ಮವ್ವ ಸತ್ತೋಗವಳೆ! ನನ್ನ ಕಾಲು ಹೋಗವೆ! ಹಂಗೇ ಹೇಳು ಅವರಿಗೆ!"

ಬೀದಿಯುದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಮರಿಬಸಪ್ಪ ಬೇಲಿ ಹಾರಿ ಓಡಿಬಂದು ಎರಡು ಕೈಯಲ್ಲೂ ನನ್ನ ಬಾಯಿ ಮುಚ್ಚಲು ನೋಡಿದ. "ಗುರುಮಲ್ಲಣ್ಣ, ಕೈ ಮುಗೀತೀನಿ, ಸುಮ್ಕಿರು, ನನ್ನ ಪಟ್ಟಿ ಪಕ್ಕದಲ್ಲೇ ಅದೆ, ನನಗೂ ಮಕ್ಕಳವೆ" ಎಂದು ಪಿಸುಗುಟ್ಟಿದ. ಅವನ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಅವನ ಮಕ್ಕಳ ಕಾಲಿಗೆ ನಾನು ಏನು ಮಾಡುತ್ತಿದ್ದೇನೋ ನನಗೂ ಗೊತ್ತಿರಲಿಲ್ಲ. ಆದರೂ ಅವನ ಕೈಯನ್ನು ಕಿತ್ತುಹಾಕಿದೆ.

ಚೆನ್ನಾಜಿ ಎದ್ದು ನಿಂತಿದ್ದಳು. ಆ ನಗು ಮುಖದ ಮೇಲೆ ಇನ್ನೂ ಇತ್ತು, ತೆಗೆಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಗಿಡಗಳನ್ನು ತುಳಿದುಕೊಂಡು ಓಡಿ ಬಂದಳು. ನನ್ನ ಮುಂದೆ ಮಂಡಿಯೂರಿ, ನನ್ನ ಗಲ್ಲ ಹಿಡಿದು, ಒಳಗಿನವರಿಗೆ ಕೇಳಿಸದ ಹಾಗೆ ಕಿವಿಯ ಹತ್ತಿರ ಕೇಳಿದಳು.

"ಅಪ್ಪ, ಅವ್ವ ನಿಜವಾಗ್ಲೂ ಬರಲ್ವಾ?"

"ಬರಲ್ಲ ಕಣವ್ವ" ಅಂದೆ, ಊರಿಗೆಲ್ಲ ಕೇಳಿಸುವ ಹಾಗೆ. "ಅಳು."